ದೀರ್ಘ ತಪ್ಪಿದ ಗಾಲ್ಫು

ಈ ಶ್ರಾವಣಕ್ಕೆ ಅತ್ತೆಯ ಊರು ಸಂಪಿಗೆಗೆ ಹೋದಾಗ, ಗಾಲ್ಫ್ ಅಂದರೆ ಏನು ಅಂತ ನನ್ನ ಷಡ್ಡಕನಿಗೆ ನಾನೇ ತೋರಿಸಿಕೊಟ್ಟು ಬರುತ್ತೇನೆ ಎಂದು ಶಪಥ ಮಾಡಿದೆ. ಗಾಲ್ಫ್ ಆಡುವುದೇ ಅವನ ಉದ್ಯೋಗ, ನಾನು ಅದುವರೆಗೆ ಗಾಲ್ಫ್ ಕೋಲನ್ನು ಮುಟ್ಟಿದವನೂ ಅಲ್ಲ ಎಂಬ ಸಣ್ಣ ಸಂಗತಿ ಶಪಥಕ್ಕೆ ಅಡ್ಡ ಬರಲಿಲ್ಲ. ಶಪಥ ಎಂದರೆ ಹಾಗೇ ಇರಬೇಕು. ಆಗುವಂಥ ಕೆಲಸಕ್ಕೆ ಯಾರಾದರೂ ಶಪಥ ಮಾಡುತ್ತಾರೆಯೇ?

ನಾನು ಬಸವರಾಜು, ತುರುವೇಕೆರೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಕಬಡ್ಡಿ, ಖೋಖೋ, ವಾಲಿಬಾಲ್, ಯಾವ ಆಟವಾದರೂ ಸರಿ, ಸೀಟಿ ಊದಬಲ್ಲೆ. ಸಂಪಿಗೆಯ ನನ್ನ ಅತ್ತೆ ಪುಟ್ಟಗೌರಮ್ಮನವರಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಗಿರಿಜಾಂಬಿಕಾ ನನ್ನ ಪಾಲಿಗೆ ಬಂದಳು, ಚಿಕ್ಕವಳು ವನಜಾ ಈರೇಶನ ಪಾಲಿಗೆ. ಹಿರಿಯಳಿಯನೆಂಬ ಪಟ್ಟ ನನ್ನದು. ಈರೇಶ ಬರುವ ತನಕ ಅತ್ತೆಯ ಮನೆಯಲ್ಲಿ ತುಪ್ಪದ ಮಿಳ್ಳೆ ಮೊದಲು ಬಾಗುತ್ತಿದ್ದದ್ದು ನನ್ನ ಎಲೆಗೆ.

ಈರೇಶ ಹುಳಿಯಾರಿನ ಕಡೆಯವನು. ಚಿಕ್ಕಂದಿನಲ್ಲಿ ಮೈಸೂರಿಗೆ ಹೋಗಿ, ಗಾಲ್ಫ್ ಆಡುವ ಸಾಹುಕಾರರ ಚೀಲ ಹೊರುವ ಕೆಲಸಕ್ಕೆ ಸೇರಿದ. ಅವರಿಗೆ ಕೋಲು ತೆಗೆದುಕೊಡುತ್ತ ಕೊಡುತ್ತ ಒಂದು ದಿನ ತಾನೇ ಬೀಸಿ ನೋಡಿದನಂತೆ. ಈಗ ಊರೂರು ತಿರುಗಿ ಪಂದ್ಯ ಆಡುತ್ತಾನೆ, ಟೀವಿಯಲ್ಲಿ ಆಗೊಮ್ಮೆ ಈಗೊಮ್ಮೆ ಅವನ ಬೆನ್ನು ಕಾಣುತ್ತದೆ. ಆ ಬೆನ್ನು ಕಂಡ ದಿನ ಅತ್ತೆ ಊರಿಗೆಲ್ಲ ಫೋನು ಮಾಡುತ್ತಾರೆ.

ಅವನ ಆಟವನ್ನು ಹೇಗೋ ಸಹಿಸಿಕೊಂಡಿದ್ದೆ. ಸಹಿಸಲಾಗದೆ ಹೋದದ್ದು ಅವನ ಬಟ್ಟೆಯನ್ನು. ಹೋದ ಯುಗಾದಿಗೆ ಪಂದ್ಯ ಮುಗಿಸಿ ನೇರ ಸಂಪಿಗೆಗೆ ಬಂದಿಳಿದ. ಕೇಸರಿಬಾತಿನ ಬಣ್ಣದ ಕಾಲರ್ ಟೀಶರ್ಟು, ಅಪ್ಪಟ ಬಿಳಿ ಪ್ಯಾಂಟು, ಬಿಳಿ ಬೆಲ್ಟು, ತಲೆಗೊಂದು ಟೊಪ್ಪಿಗೆ, ಎಡಗೈಗೆ ಮಾತ್ರ ಒಂದು ಗ್ಲೌಸು.

"ಇನ್ನೊಂದು ಕೈದು ಎಲ್ಲಿ ಬೀಳಿಸ್ಕಂಡ್ರಿ ಅಳಿಯಂದ್ರೇ?" ಎಂದು ಅತ್ತೆ ಗಾಬರಿಯಾಗಿ ಕೊಬ್ಬರಿ ಅಟ್ಟದವರೆಗೂ ಹುಡುಕಿಸಿದರು. ಆ ಆಟಕ್ಕೆ ಒಂದೇ ಕೈಗೆ ಹಾಕುವುದೆಂದು ತಿಳಿದ ಮೇಲೆ, "ನೋಡಿ, ಎಷ್ಟು ಹಿಡಿತದ ಮನುಷ್ಯ" ಎಂದು ಮೆಚ್ಚಿಕೊಂಡರು. ನಾನೊಂದು ಸಲ ಒಂದೊಂದು ಕಾಲಿಗೆ ಒಂದೊಂದು ಬಣ್ಣದ ಕಾಲುಚೀಲ ಹಾಕಿಕೊಂಡು ಹೋಗಿದ್ದೆ. ಆಗ ಇದೇ ಅತ್ತೆ, ನನ್ನ ಮಗಳ ಸಂಸಾರ ಹಿಂಗಾಯ್ತಲ್ಲ ಎಂದು ಕಣ್ಣೊರೆಸಿಕೊಂಡಿದ್ದರು.

ಗಿರಿಜಾ ನನ್ನ ಪಕ್ಕದಲ್ಲೇ ನಿಂತು, "ಪ್ಯಾಂಟು ಎಷ್ಟು ಚೆನ್ನಾಗಿ ಕೂತದೆ ನೋಡ್ರಿ" ಎಂದಳು.

ನಾನು ನನ್ನ ಟ್ರ್ಯಾಕ್ ಪ್ಯಾಂಟನ್ನು ಮೇಲಕ್ಕೆಳೆದುಕೊಂಡು, "ನಂದೂ ಕೂತದೆ" ಎಂದೆ.

"ನಿಮ್ದು ಕೂತಿಲ್ಲ ಕಣ್ರೀ, ಮಲಗದೆ."

ಅವತ್ತು ಒಬ್ಬಟ್ಟಿಗೆ ತುಪ್ಪ ಮೊದಲು ಈರೇಶನ ಎಲೆಗೆ ಬಿತ್ತು. ಉರಿಯುವ ಬೆಂಕಿಗೆ ತುಪ್ಪ ಸುರಿಯುವುದೆಂದರೆ ಇದೇ. ತುಪ್ಪ ಅವನ ಎಲೆಗೆ, ಬೆಂಕಿ ನನ್ನ ಹೊಟ್ಟೆಗೆ.

ಊಟ ಮುಗಿಯುವಷ್ಟರಲ್ಲಿ ಗಿರಿಜಾ ಆ ಬಿಳಿ ಪ್ಯಾಂಟಿನ ಫೋಟೋ ತೆಗೆದು ತನ್ನ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿಯೂ ಬಿಟ್ಟಿದ್ದಳು. ಕೆಳಗೆ "ನಮ್ಮ ಮನೆಯ ಹೆಮ್ಮೆ" ಎಂದು ಬರೆದಿದ್ದಳು. ನಾನೂ ಅದೇ ಮನೆಯವನಲ್ಲವೇ? ಮದುವೆಯಾದಂದಿನಿಂದ ನನ್ನ ಫೋಟೋ ಅವಳ ಸ್ಟೇಟಸ್‌ನಲ್ಲಿ ಯಾವಾಗ ಬಂದಿತ್ತೆಂದು ನೆನಪು ಮಾಡಿಕೊಂಡೆ. ಒಂದು ಸಲ ಬಂದಿತ್ತು, ಹೊಸ ಮಿಕ್ಸಿ ಕೊಂಡಾಗ. ಫೋಟೋದಲ್ಲಿ ಮಿಕ್ಸಿಯನ್ನು ಹಿಡಿದುಕೊಂಡಿದ್ದ ಕೈ ನನ್ನದು.

ಶಪಥದ ಬೇರು ಇಲ್ಲಿದೆ. ನನ್ನ ಮುಖ, ಕಿವಿಯಿಂದ ಕಿವಿಗೆ ಪೂರ್ತಿ ಮುಖ, ನನ್ನ ಹೆಂಡತಿಯ ಸ್ಟೇಟಸ್‌ನಲ್ಲಿ ಬರಬೇಕು. ತಂಗಿಯ ಗಂಡನ ಪ್ಯಾಂಟು ಇದ್ದ ಜಾಗದಲ್ಲೇ ಬರಬೇಕು.

ಶತ್ರುವನ್ನು ಗೆಲ್ಲಬೇಕಾದರೆ ಮೊದಲು ಅವನ ಗುಟ್ಟು ತಿಳಿಯಬೇಕಂತೆ. ಅವತ್ತು ಎಲೆ ಅಡಿಕೆ ಹಾಕಿಕೊಳ್ಳುತ್ತ ಮೆಲ್ಲಗೆ ಕೇಳಿದೆ. "ಅಲ್ಲಪ್ಪ ಈರೇಶ, ನೆಲದ ಮೇಲೆ ಸುಮ್ನೆ ಬಿದ್ದಿರೋ ಚೆಂಡಿಗೆ ಹೊಡೆಯೋದ್ರಲ್ಲಿ ಏನು ಕಷ್ಟ?"

"ಸುಮ್ನೆ ಬಿದ್ದಿರ್ತದಲ್ಲ ಅಣ್ಣ, ಅದೇ ಕಷ್ಟ" ಎಂದ ಈರೇಶ. "ಕ್ರಿಕೆಟ್ಟಲ್ಲಿ ಚೆಂಡು ಮೈಮೇಲೆ ಬತ್ತದೆ, ಯೋಚ್ನೆ ಮಾಡಕ್ಕೆ ಪುರಸೊತ್ತಿಲ್ಲ. ಇಲ್ಲಿ ಪುರಸೊತ್ತೇ ಜಾಸ್ತಿ. ನಿಂತ್ಕಂಡ್ರೆ ಸಾಕು, ತಪ್ಪಿದ್ರೆ ಯಾರೇನಂತಾರೆ, ಯಾರ್ ನೋಡ್ತಾವ್ರೆ, ಇಲ್ಲದ್ದೆಲ್ಲ ತಲೆಗೆ ಬತ್ತದೆ. ಅದಕ್ಕೇ ಒಬ್ರು ಮೆಂಟಲ್ ಕೋಚ್ ಇಟ್ಕಂಡಿದೀನಿ."

"ಏನ್ ಕೋಚು?"

"ಮೆಂಟಲ್ ಕೋಚು. ಮನಸ್ಸಿಗೆ ಪಾಠ ಹೇಳೋರು. ಕಣ್ಮುಚ್ಚಿ ಉಸಿರು ಬಿಡು, ಚೆಂಡು ಎಲ್ಲಿಗೆ ಹೋಗ್ಬೇಕೋ ಆ ದಾರಿನ ಮನಸಲ್ಲೇ ನೋಡು, ಸುತ್ತ ಇರೋರ್ನ ಮರೆತುಬುಡು, ಆಮೇಲೆ ಹೊಡಿ ಅಂತಾರೆ. ಕೆಟ್ಟ ಏಟು ಬಿತ್ತಾ, ಅಲ್ಲೇ ಬಿಟ್ಟು ಮುಂದಕ್ಕೆ ಹೋಗ್ತಿರು ಅಂತಾರೆ."

ನನಗೆ ಅದರಲ್ಲಿ ಕೇಳಿಸಿದ್ದು ಒಂದೇ ಪದ, ಮೆಂಟಲ್. ಆ ಕ್ಷಣ ನನ್ನ ಹೊಟ್ಟೆಯೊಳಗಿನ ಬೆಂಕಿಯ ಮೇಲೆ ಎಳನೀರು ಸುರಿದಂತಾಯಿತು.

ಸ್ವಲ್ಪ ದಿನಕ್ಕೆ ತುರುವೇಕೆರೆ ಬಸ್‌ಸ್ಟ್ಯಾಂಡಿನಲ್ಲಿ ಭೀಮಕ್ಕ ಸಿಕ್ಕಿದರು. ಭೀಮಕ್ಕ ಸಂಪಿಗೆಯಲ್ಲಿ ನಮ್ಮ ಅತ್ತೆಯ ಪಕ್ಕದ ತೋಟದವರು. ಬಸ್ಸಿಗೆ ಕಾಯುತ್ತ ಸುಮ್ಮನಿರಬಾರದಿತ್ತೇ? "ಏನ್ ಮೇಷ್ಟ್ರೇ, ನಿಮ್ ಷಡ್ಡಕರು ಟೀವೀಲಿ ಬತ್ತಾರಂತೆ? ಪುಟ್ಟಗೌರಮ್ಮೋರು ಹೇಳಿದ್ದೇ ಹೇಳಿದ್ದು" ಎಂದರು.

"ಬತ್ತಾರೆ ಭೀಮಕ್ಕ. ಬಂದು ಏನು ಬುಡಿ."

"ಯಾಕ್ ಹಂಗಂತೀರಿ?"

"ಏನಿಲ್ಲ. ಪಾಪ, ಮೆಂಟಲ್ ಡಾಕ್ಟ್ರ ಹತ್ರ ತೋರುಸ್ಕತಾವ್ರೆ. ಯಾರ್ಗೂ ಹೇಳ್ಬೇಡಿ."

ನಾನು ಸುಳ್ಳು ಹೇಳಲಿಲ್ಲ. ಕೋಚ್ ಎಂದರೆ ಭೀಮಕ್ಕನಿಗೆ ತಿಳಿಯಲಿಕ್ಕಿಲ್ಲವೆಂದು ಡಾಕ್ಟರ್ ಎಂದೆ, ಅಷ್ಟೇ. ಇನ್ನು ಯಾರಿಗೂ ಹೇಳಬೇಡಿ ಎಂದು ಭೀಮಕ್ಕನಿಗೆ ಹೇಳುವುದೂ ಒಂದೇ, ಪಂಚಾಯಿತಿ ಕಸದ ಗಾಡಿಯ ಮೈಕಿನಲ್ಲಿ ಹೇಳುವುದೂ ಒಂದೇ. ಅವತ್ತು ಎಷ್ಟೋ ದಿನದ ಮೇಲೆ ನನಗೆ ಊಟ ರುಚಿಸಿತು.

ಷಡ್ಡಕನ ಹೆಸರು ಕೆಡಿಸಿದ್ದಾಯಿತು, ನನ್ನ ಹೆಸರು ಬೆಳೆಯುವುದು ಬಾಕಿಯಿತ್ತು. ಹಿತ್ತಲಲ್ಲಿ ಗಾಲ್ಫ್ ಅಭ್ಯಾಸ ಶುರು ಮಾಡಿದೆ. ನಮ್ಮ ಸೀಮೆಯಲ್ಲಿ ಗಾಲ್ಫ್ ಕೋಲಿಗೆ ಬರವೇ? ತೆಂಗಿನ ಗರಿ ಸವರಿದ ಮಟ್ಟೆಯ ಬುಡ ನೋಡಿ, ಥೇಟ್ ಈರೇಶನ ಕೋಲಿನ ಹಾಗೇ ತುದಿಯಲ್ಲಿ ಅಗಲ. ಚೆಂಡಿಗೆ ಮರದಡಿ ಉದುರಿದ ತೆಂಗಿನ ಹೀಚು. ಗಾಲ್ಫ್ ಹುಟ್ಟಿದ್ದು ಎಲ್ಲೋ ಪರದೇಶದಲ್ಲಂತೆ. ತಪ್ಪಿ ಅಲ್ಲಿ ಹುಟ್ಟಿರಬೇಕು, ಅದರ ಸಾಮಾನೆಲ್ಲ ಇಲ್ಲೇ ಬಿದ್ದಿದೆ.

ಮೆಂಟಲ್ ಪಾಠವನ್ನೂ ಬಿಡಲಿಲ್ಲ. ಹೀಚಿನ ಮುಂದೆ ಕಾಲಗಲಿಸಿ ನಿಂತು, ಕಣ್ಣು ಮುಚ್ಚಿ, ಉಸಿರೆಳೆದು, "ನಾನು ಶಾಂತ, ನೀನು ದೂರ" ಎಂದು ಹೀಚಿಗೆ ಹೇಳುತ್ತಿದ್ದೆ. ಈ ಮಂತ್ರ ನನ್ನದೇ ರಚನೆ.

ಗಿರಿಜಾ ಹಿತ್ತಲ ಬಾಗಿಲಲ್ಲಿ ನಿಂತು ನೋಡಿದಳು. "ಯಾಕ್ರೀ, ಹಲ್ಲುನೋವಾ?"

"ಮನಸ್ಸನ್ನ ಹಿಡಿತಕ್ಕೆ ತಗೊಳ್ತಿದೀನಿ ಕಣೇ."

"ಮೊದ್ಲು ಲುಂಗಿ ಹಿಡಿತಕ್ಕೆ ತಗೊಳಿ. ಬಿಚ್ಚೋಗ್ತದೆ."

ನಾನು ಸುತ್ತಲಿನವರನ್ನು ಮರೆತು ಬೀಸಿದೆ. ಹೀಚು ಮನಸ್ಸಿನಲ್ಲಿ ಕಂಡ ದಾರಿ ಬಿಟ್ಟು ಅಡುಗೆಮನೆಯ ಕಿಟಕಿಯ ದಾರಿ ಹಿಡಿದು, ಒಲೆಯ ಮೇಲೆ ಕುದಿಯುತ್ತಿದ್ದ ಸಾರಿನ ಪಾತ್ರೆಗೆ ಬಿತ್ತು. ನಮ್ಮ ಕಡೆ ಸಾರಿಗೆ ತೆಂಗಿನಕಾಯಿ ಹಾಕುವುದು ವಾಡಿಕೆ. ಹಿತ್ತಲಿಂದ ಎಸೆಯುವುದು ವಾಡಿಕೆಯಲ್ಲ.

"ಮಟ್ಟೆ ಸರಿಯಿಲ್ಲ ಗಿರಿಜಾ" ಎಂದೆ.

"ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ" ಎಂದು ಅವಳು ಸೆರಗಿನಿಂದ ಸಾರಿನ ಹನಿ ಒರೆಸಿಕೊಂಡಳು.

ಆದರೆ ನನಗೆ ಕಾರಣ ಹೊಳೆದಿತ್ತು. ಲುಂಗಿಯುಟ್ಟು ಗಾಲ್ಫ್ ಆಡಿದರೆ ಚೆಂಡು ತಾನೇ ಹೇಗೆ ಮರ್ಯಾದೆ ಕೊಡುತ್ತದೆ? ಬಟ್ಟೆ ಸರಿಯಾದರೆ ಮನಸ್ಸು ಸರಿಯಾಗುತ್ತದೆ, ಮನಸ್ಸು ಸರಿಯಾದರೆ ಆಟ. ಈರೇಶನ ಮೆಂಟಲ್ ಕೋಚಿಗೂ ಹೊಳೆಯದ ಈ ಸೂತ್ರವನ್ನು ಹಿಡಿದುಕೊಂಡು ಮುನಾಫ್‌ನ ಅಂಗಡಿಗೆ ಹೋದೆ.

ಮುನಾಫ್ ನನ್ನ ಮದುವೆಯ ಸೂಟು ಹೊಲಿದ ಟೈಲರು. ನಾನು ಹೋದಾಗ ಎರಡೆರಡು ಮಿಷನ್ನುಗಳು ಗರಗರ ಓಡುತ್ತಿದ್ದವು, ಪಕ್ಕದ ಗ್ಯಾರೇಜಿನಲ್ಲಿ ಯಾರೋ ಬುಲೆಟ್ಟನ್ನು ರೇಸ್ ಮಾಡುತ್ತಿದ್ದರು. ಗುಟ್ಟಿನ ಕೆಲಸವಾದ್ದರಿಂದ ನಾನು ಪಿಸುದನಿಯಲ್ಲೇ ಹೇಳಿದೆ. "ಮುನಾಫ್, ಒಂದು ಗಾಲ್ಫ್ ಡ್ರೆಸ್ ಆಗ್ಬೇಕು."

ಮುನಾಫ್ ಟೇಪನ್ನು ಕತ್ತಿನಿಂದ ತೆಗೆದು ನನ್ನನ್ನೇ ನೋಡಿದ. "ನಿಮಗಾ ಮೇಷ್ಟ್ರೇ?"

"ಯಾಕೆ, ನಾನು ಹಾಕ್ಕೋಬಾರ್ದಾ?"

"ಅಯ್ಯೋ, ಹಂಗೆಲ್ಲಿ ಅಂದೆ? ಬಟ್ಟೆ ಅಂದ್ಮೇಲೆ ಯಾರ್ ಬೇಕಾದ್ರೂ ಹಾಕ್ಕೋಬೋದು. ಖುಷಿ ಆಯ್ತು. ಬಣ್ಣ?"

"ಬಿಳಿ. ಅಪ್ಪಟ ಬಿಳಿ."

"ಅದೇ ಮತ್ತೆ. ಅದಕ್ಕೆ ಬಿಳಿನೇ ಲಕ್ಷಣ."

"ಬಿಸಿಲಲ್ಲಿ ನಿಂತ್ಕೋಬೇಕು. ಗಾಳಿ ಆಡ್ಬೇಕು. ಕೈ ಎತ್ತಿದ್ರೆ ಹಿಡೀಬಾರ್ದು."

"ಅದ್ರಲ್ಲಿ ಆಡೋವಷ್ಟು ಗಾಳಿ ಯಾವ್ದ್ರಲ್ಲೂ ಆಡಲ್ಲ ಬುಡಿ. ನಮ್ ಚಿಕ್ಕಪ್ಪನ ಮಗ ಸಲ್ಮಾನ್ ಅಲ್ಲೇ ಇರೋದು, ದಿನಾ ಅದ್ನೇ ಹಾಕ್ಕೊಳ್ಳೋದು."

ಮುನಾಫನ ಮನೆಯಲ್ಲೂ ಗಾಲ್ಫ್ ಆಡುವವರಿದ್ದಾರೆಂದು ಕೇಳಿ ನನಗೆ ಒಂದು ಚೂರು ಹೊಟ್ಟೆಯುರಿಯಿತು. "ಅವ್ನೇನು?" ಎಂದೆ.

"ಡ್ರೈವರು."

ಗಾಲ್ಫಿನ ಉದ್ದನೆಯ ಕೋಲಿಗೆ ಡ್ರೈವರ್ ಎನ್ನುತ್ತಾರೆಂದು ಈರೇಶನಿಂದ ತಿಳಿದಿದ್ದೆ. ತಿಳಿದವನ ಗತ್ತಿನಲ್ಲಿ, "ಚೆನ್ನಾಗಿ ಹೊಡೀತಾನಾ?" ಎಂದೆ.

"ಬೆಳಗ್ಗೆಯಿಂದ ಸಂಜೆಗಂಟ ಹೊಡೀತಾನೆ ಮೇಷ್ಟ್ರೇ. ಸುಸ್ತು ಅನ್ನೋದೇ ಇಲ್ಲ."

ಅಳತೆ ತೆಗೆದುಕೊಂಡ. ಭುಜದಿಂದ ಹಿಡಿದು ಹಿಮ್ಮಡಿಯವರೆಗೆ ಟೇಪನ್ನು ಒಂದೇ ಎಳೆತಕ್ಕೆ ಎಳೆದ. ಗಾಲ್ಫಿನಲ್ಲಿ ಇಡೀ ಮೈ ಒಂದೇ ಸಮ ತಿರುಗಬೇಕೆಂದು ಯೂಟ್ಯೂಬಿನಲ್ಲಿ ನೋಡಿದ್ದೆನಾದ್ದರಿಂದ, ಅಳತೆಯೂ ಹಾಗೇ ಇರಬಹುದೆಂದುಕೊಂಡೆ.

"ಬೆಲ್ಟು?" ಎಂದೆ.

"ಇದಕ್ಕೆ ಬೆಲ್ಟ್ ಹಾಕಲ್ಲ. ತಲೆಗೆ ಬೇಕಾ?"

"ತಲೇನೇ ಮುಖ್ಯ ಮುನಾಫ್. ಆಟ ಇರೋದೇ ತಲೇಲಿ."

"ಆಯ್ತು, ಅದೂ ಸೇರಿಸ್ತೀನಿ" ಎಂದ ಮುನಾಫ್, ಕಣ್ಣು ಒದ್ದೆ ಮಾಡಿಕೊಂಡು. ನನ್ನ ಉತ್ಸಾಹಕ್ಕೆ ಕರಗಿರಬೇಕೆಂದುಕೊಂಡೆ.

ಬಟ್ಟೆ ತೆಗೆದುಕೊಳ್ಳಲು ಹೋದಾಗ, "ಒಂದ್ಸಲ ಹಾಕಿ ನೋಡಿ ಮೇಷ್ಟ್ರೇ" ಎಂದ. "ನಿನ್ನ ಕೈ ಮೇಲೆ ನಂಬಿಕೆ ಇದೆ" ಎಂದು ಪೊಟ್ಟಣವನ್ನು ಬಿಚ್ಚದೆ ಕಂಕುಳಲ್ಲಿಟ್ಟುಕೊಂಡು ಬಂದೆ. ಮನೆಯಲ್ಲೂ ಬಿಚ್ಚಲಿಲ್ಲ. ಗಿರಿಜಾ ಮೊದಲೇ ನೋಡಿಬಿಟ್ಟರೆ ಸ್ಟೇಟಸ್‌ಗೆ ಹಾಕುವ ಬಿಸಿ ಆರಿಹೋಗುತ್ತದೆ.

ಶ್ರಾವಣ ಶನಿವಾರ ಬಂತು. ಸಂಪಿಗೆಯ ಶ್ರೀನಿವಾಸನಿಗೆ ಕೈಮುಗಿದು, ಮಳೆ ಹನಿದು ಒದ್ದೆಯಾದ ತೋಟದ ದಾರಿಯಲ್ಲಿ ಅತ್ತೆಯ ಮನೆ ಸೇರಿದೆವು. ಜಗಲಿಯ ಮುಂದೆ ಈರೇಶ ಒಂದು ಹಳೇ ಲುಂಗಿ, ತೂತು ಬನೀನು ಹಾಕಿಕೊಂಡು ಅತ್ತೆಗೆ ಕಾಯಿ ಸುಲಿದುಕೊಡುತ್ತಿದ್ದ. ನನ್ನ ಜೀವಕ್ಕೆ ಹಾಯೆನಿಸಿತು. ನನ್ನ ಬಿಳಿಯ ಮುಂದೆ ಅವನ ತೂತು ಬನೀನು, ಫೋಟೋಕ್ಕೆ ಇದಕ್ಕಿಂತ ಒಳ್ಳೆಯ ಜೋಡಿ ಬೇಕೆ?

"ಈರೇಶ, ಚೀಲದಲ್ಲಿ ಕೋಲು ಇದೆಯೇನಪ್ಪ? ಊಟಕ್ಕೆ ಮುಂಚೆ ಒಂದೊಂದು ಏಟು ಹೊಡೆಯೋಣ. ಬಾವಿ ಪಕ್ಕದ ಮರದ ಪಾತಿ ಹತ್ರಕ್ಕೆ ಯಾರ ಚೆಂಡು ಹೋಗ್ತದೋ ಅವರು ಗೆದ್ದಂಗೆ."

"ಆಗ್ಲಿ ಅಣ್ಣ, ನಿಮಿಗೂ ಇಷ್ಟ ಅಂತ ಗೊತ್ತೇ ಇರ್ಲಿಲ್ಲ" ಎಂದು ಅವನು ಸಂತೋಷದಿಂದ ಎದ್ದ. ಅವನ ಸಂತೋಷ ನೋಡಿ ನನಗೆ ಮತ್ತೂ ಉರಿಯಿತು.

"ಗಿರಿಜಾ, ಫೋನು ಕೈಯಲ್ಲಿ ಇಟ್ಕೊಂಡಿರು" ಎಂದು ಹೇಳಿ ಪಂಪ್‌ಸೆಟ್ ಮನೆಗೆ ನುಗ್ಗಿ ಬಾಗಿಲು ಹಾಕಿಕೊಂಡೆ. ಟ್ರ್ಯಾಕ್ ಸೂಟನ್ನು ಬಿಚ್ಚಿ ಬಾಗಿಲ ಸಂದಿಯಿಂದ ಹೊರಗೆಸೆದು, "ಇದನ್ನ ನೆನೆಹಾಕು. ಇನ್ನು ನನಗೆ ಬೇಕಾಗಲ್ಲ" ಎಂದು ಕೂಗಿದೆ. ಮದುವೆಯಾದಾಗಿನಿಂದ ನಾನು ಹೇಳಿದ ಒಂದು ಕೆಲಸವನ್ನಾದರೂ ಕೂಡಲೇ ಮಾಡಿದವಳಲ್ಲ ಗಿರಿಜಾ. ಅವತ್ತು ಮಾಡಿದಳು. ಸೋಪಿನ ನೀರಿನ ಟಬ್ಬಿಗೆ ಅದು ಬಿದ್ದ ಸದ್ದು ಒಳಗೇ ಕೇಳಿಸಿತು.

ಪೊಟ್ಟಣ ಬಿಚ್ಚಿದೆ. ಬಿಳಿ ಬಟ್ಟೆಯನ್ನು ಎತ್ತಿ ಹಿಡಿದೆ. ಎತ್ತಿದಷ್ಟೂ ಬಂತು. ಪ್ಯಾಂಟು ಎಲ್ಲಿ, ಟೀಶರ್ಟು ಎಲ್ಲಿ ಎಂದು ಹುಡುಕಿದೆ, ಎರಡೂ ಇರಲಿಲ್ಲ. ಕತ್ತಿನಿಂದ ಪಾದದವರೆಗೆ ಇಳಿಬಿಡುವ ಒಂದೇ ಒಂದು ನಿಲುವಂಗಿ. ಜೊತೆಗೆ ತಲೆಗೆ ಹೊದೆಯುವ ಬಿಳಿ ವಸ್ತ್ರ, ಅದರ ಮೇಲೆ ಕೂರಿಸುವ ಕಪ್ಪು ಬಳೆ. ದುಬೈ ಶೇಖ್ ಒಬ್ಬನನ್ನು ಮಡಚಿ ಪೊಟ್ಟಣ ಕಟ್ಟಿಕೊಟ್ಟಂತಿತ್ತು.

ಅಲ್ಲಿಂದಲೇ ಫೋನು ಮಾಡಿದೆ. "ಮುನಾಫ್, ಇದೇನು ಹೊಲಿದಿದೀಯಾ?"

"ಗಲ್ಫ್ ಡ್ರೆಸ್ಸು ಮೇಷ್ಟ್ರೇ. ನೀವೇ ಹೇಳಿದ್ದಲ್ವಾ? ಅಲ್ಲಿ ಕೆಲಸ ಸಿಕ್ಕದೆ ಅಂತ ನಾನೇ ತಿಳ್ಕಂಡು ಸಲ್ಮಾನ್‌ಗೂ ಫೋನ್ ಮಾಡಿದೀನಿ, ಏರ್‌ಪೋರ್ಟಿಗೆ ಬತ್ತಾನೆ. ಫ್ಲೈಟು ಯಾವತ್ತು?"

ನಾನು ಗಾಲ್ಫ್ ಎಂದಿದ್ದೆ, ಮಿಷನ್ನಿನ ಗದ್ದಲದಲ್ಲಿ ಅವನ ಕಿವಿಗೆ ಗಲ್ಫ್ ಎಂದು ಬಿದ್ದಿತ್ತು. ಒಂದೇ ಒಂದು ದೀರ್ಘ ಕಳೆದುಹೋಗಿತ್ತು. ಅಕ್ಷರದಲ್ಲಿ ಕಳೆದ ಆ ದೀರ್ಘವೆಲ್ಲ ಬಟ್ಟೆಯಲ್ಲಿ ಬಂದು ಸೇರಿಕೊಂಡಿತ್ತು.

ಹೊರಗೆ ಗಿರಿಜಾ ಬಾಗಿಲು ಬಡಿದಳು. "ರೀ, ಎಷ್ಟೊತ್ತು? ಜನ ಸೇರವ್ರೆ."

ಜನ ಯಾಕೆ ಸೇರಿದ್ದಾರೆಂದು ಯೋಚಿಸುವ ಬುದ್ಧಿ ನನಗೆ ಆಗ ಬರಲಿಲ್ಲ. ನನ್ನ ಆಟ ನೋಡಲು ಬಂದಿದ್ದಾರೆಂದೇ ಎಣಿಸಿದೆ. ಟ್ರ್ಯಾಕ್ ಸೂಟು ಸೋಪಿನಲ್ಲಿ ಮುಳುಗಿದೆ, ನಾನು ಚಡ್ಡಿಯಲ್ಲಿದ್ದೇನೆ. ಹಿರಿಯಳಿಯ ಚಡ್ಡಿಯಲ್ಲಿ ಹೊರಬರುವುದಕ್ಕಿಂತ ನಿಲುವಂಗಿಯಲ್ಲಿ ಬರುವುದು ಮೇಲಲ್ಲವೇ? ಹಾಕಿಕೊಂಡೆ. ತಲೆಗೂ ಹೊದ್ದುಕೊಂಡೆ. ತಲೆವಸ್ತ್ರ ಹಾಕಿಕೊಂಡರೆ ಗುರುತು ಸಿಗಲಿಕ್ಕಿಲ್ಲವೆಂಬ ಆಸೆಯೂ ಇತ್ತು. ಬಾಗಿಲು ತೆರೆದು, ಒಂದು ಕೈಯಲ್ಲಿ ಅಂಗಿಯ ಅಂಚನ್ನು ಎತ್ತಿಕೊಂಡು ಹೊರಗೆ ಬಂದೆ.

ಯಾರೂ ನಗಲಿಲ್ಲ.

ನಕ್ಕಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬೇಲಿಯ ಪಕ್ಕದಲ್ಲಿ ಭೀಮಕ್ಕ, ಅವರ ಹಿಂದೆ ಅಕ್ಕಪಕ್ಕದ ತೋಟದವರೆಲ್ಲ, ಮಜ್ಜಿಗೆ ಕೇಳುವ ನೆವದಲ್ಲಿ ಬಂದವರು, ಕತ್ತಿ ಮಸೆಯುವ ಕಲ್ಲು ಕೇಳುವ ನೆವದಲ್ಲಿ ಬಂದವರು, ಎಲ್ಲ ಬಾಯಿಗೆ ಸೆರಗು ಟವಲು ಅಡ್ಡ ಹಿಡಿದು ನನ್ನನ್ನೇ ನೋಡುತ್ತಿದ್ದರು. ಅತ್ತೆ ಜಗಲಿಯ ಕಂಬ ಹಿಡಿದುಕೊಂಡರು. ಗಿರಿಜಳ ಕೈಯಲ್ಲಿ ಫೋನು ಇತ್ತು, ಅವಳ ಬಾಯಿ ತೆರೆದಿತ್ತು.

ಈರೇಶ ಒಂದು ಮಾತೂ ಕೇಳದೆ ತನ್ನ ಕೋಲನ್ನು ನನ್ನ ಕೈಗಿತ್ತು, ಚೆಂಡನ್ನು ಹುಲ್ಲಿನ ಮೇಲಿಟ್ಟು ಹಿಂದೆ ಸರಿದ.

ಆಗ ನನಗೆ ನೆನಪಾದದ್ದು ಮೆಂಟಲ್ ಪಾಠ. ಸುತ್ತ ಇರುವವರನ್ನು ಮರೆಯಬೇಕು. ಕಾಲು ಅಗಲಿಸಿದೆ, ಅಂಗಿ ಬಿಗಿಯಿತು. ಕಣ್ಣು ಮುಚ್ಚಿ, ಉಸಿರೆಳೆದು, ಚೆಂಡಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ. "ನಾನು ಶಾಂತ, ನೀನು ದೂರ."

ಬೇಲಿಯ ಕಡೆಯಿಂದ "ಪಾಪ" ಎಂದು ಕೇಳಿಸಿತು.

ಬೀಸಿದೆ. ಕೋಲು ಮೇಲೆ ಹೋದಾಗ ಸರಿಯಾಗಿಯೇ ಹೋಯಿತು. ಕೆಳಗೆ ಬರುವಾಗ ಅಂಗಿಯ ಘೇರಿಗೆ ಸಿಕ್ಕಿ, ಅಂಗಿ ನನ್ನನ್ನು ಸುತ್ತಿ, ನಾನು ಬುಗುರಿಯ ಹಾಗೆ ತಿರುಗಿ ಪಕ್ಕದ ತೆಂಗಿನ ಮರದ ಒದ್ದೆ ಪಾತಿಯೊಳಗೆ ಕುಕ್ಕರಿಸಿದೆ. ಚೆಂಡು ಇಟ್ಟಲ್ಲೇ ಇತ್ತು. ತಲೆಯ ಕಪ್ಪು ಬಳೆ ಮಾತ್ರ ಹಾರಿ ಹೋಗಿ, ಗೊಂತಿನಲ್ಲಿದ್ದ ಅತ್ತೆಯ ಎಮ್ಮೆಯ ಕೊಂಬಿಗೆ ಅಳತೆ ತೆಗೆದಂತೆ ಕೂತಿತು. ಅವತ್ತು ಗುರಿ ಮುಟ್ಟಿದ್ದು ಅದೊಂದೇ.

ಎಮ್ಮೆಗೆ ಆ ಅಲಂಕಾರ ಹಿಡಿಸಲಿಲ್ಲ. ಹಗ್ಗ ಕಿತ್ತುಕೊಂಡು ಓಡಿತು, ಓಡುವ ದಾರಿಯಲ್ಲಿದ್ದ ಟಬ್ಬನ್ನು ತುಳಿಯಿತು, ನನ್ನ ಟ್ರ್ಯಾಕ್ ಪ್ಯಾಂಟನ್ನು ಕಾಲಿಗೆ ಸಿಕ್ಕಿಸಿಕೊಂಡು ಊರ ಕಡೆ ನಡೆದೇಬಿಟ್ಟಿತು. ನನ್ನ ಟ್ರ್ಯಾಕ್ ಪ್ಯಾಂಟು ಅಷ್ಟು ವೇಗ ಕಂಡದ್ದು ಅದೇ ಮೊದಲು.

ಎಮ್ಮೆ ಮರೆಯಾದ ಮೇಲೆ ಭೀಮಕ್ಕ ಬಾಯಿಬಿಟ್ಟರು. "ಅಯ್ಯೋ ಶಿವ್ನೇ, ಮೆಂಟಲ್ ಆಗಿರೋದು ದೊಡ್ಡಳಿಯಂದ್ರಿಗೆ ಕಣವ್ವಾ. ಚಿಕ್ಕೋರ್ನ ನೋಡಾನ ಅಂತ ನಾವ್ ಬಂದ್ರೆ, ಅವ್ರು ಚಿನ್ನದಂಗೆ ಕೂತು ಕಾಯಿ ಸುಲೀತಿದ್ರು. ತಮಗೆ ಬಂದಿರೋದ್ನ ಷಡ್ಡಕರಿಗೆ ಬಂದದೆ ಅಂತ ಬಸ್‌ಸ್ಟ್ಯಾಂಡಲ್ಲಿ ನನ್ ಕೈಲೇ ಹೇಳಿದ್ರು. ಈ ಕಾಯ್ಲೆ ಹಿಂಗೇ ಅಂತೆ, ಬಂದೋರ್ಗೆ ಗೊತ್ತೇ ಆಗಲ್ವಂತೆ."

ಗಾಲ್ಫಿನಲ್ಲಿ ಚೆಂಡು ಗುಂಡಿಗೆ ಬಿದ್ದರೆ ಗೆದ್ದ ಹಾಗೆ. ನಾನು ತೋಡಿದ ಗುಂಡಿಗೆ ನಾನೇ ಬಿದ್ದಿದ್ದೆ, ಒಂದೇ ಏಟಿಗೆ.

ವನಜಾ ನನ್ನನ್ನು ನೋಡಿದಳು. "ಭಾವ, ಮೂರು ಹೊತ್ತೂ ಯಾರ್ಯಾರೋ ಫೋನ್ ಮಾಡಿ, ನಿನ್ ಗಂಡ ಅನ್ನ ತಿಂತಾನಾ, ಬಟ್ಟೆ ಹರ್ಕತಾನಾ ಅಂತ ಕೇಳೋರು. ನೀವಾ ಅದ್ನ ಹೇಳಿದ್ದು?" ಎಂದಳು. ನನಗೆ ಪಾತಿಯ ಕೆಸರಿನಲ್ಲಿ ಇನ್ನಷ್ಟು ಕೆಳಗೆ ಹೋಗುವ ಹಾಗಿದ್ದರೆ ಹೋಗುತ್ತಿದ್ದೆ. "ತಪ್ಪಾಯ್ತು ವನಜಾ" ಎಂದೆ. ಅದನ್ನು ಮಾತ್ರ ನಾಟಕವಿಲ್ಲದೆ ಹೇಳಿದೆ.

ಈರೇಶ ಬಂದು ಕೈಕೊಟ್ಟು ಎತ್ತಿದ. ಬೈಯುತ್ತಾನೆಂದುಕೊಂಡೆ. ಬೈದಿದ್ದರೆ ನಾವಿಬ್ಬರೂ ಸಮ ಆಗುತ್ತಿದ್ದೆವು.

"ಅಣ್ಣ, ಒಂದು ಮಾತು ಹೇಳ್ಲಾ?" ಎಂದ. "ಜನ ಏನಂತಾರೋ ಅನ್ನೋ ಭಯ ಬಿಡಕ್ಕೆ ನಾನು ಇಷ್ಟು ವರ್ಷದಿಂದ ಕೋಚ್ ಹತ್ರ ಹೋಗ್ತಾ ಇದೀನಿ. ಇನ್ನೂ ಆಗಿಲ್ಲ. ನೀವು ಈ ಬಟ್ಟೇಲಿ ಇಷ್ಟು ಜನದ ಮುಂದೆ ಬಂದು, ಕಣ್ಮುಚ್ಕಂಡು ನಿಂತ್ರಲ್ಲ. ನನ್ನ ಕೈಲಿ ಆಗ್ತಿರ್ಲಿಲ್ಲ ಕಣಣ್ಣ."

ಅವನ ಮುಖದಲ್ಲಿ ಕುಹಕ ಹುಡುಕಿದೆ. ಇರಲಿಲ್ಲ. ಆಟ ಬರುತ್ತದೆ, ಬಟ್ಟೆ ಕೂರುತ್ತದೆ, ಟೀವಿಯಲ್ಲಿ ಬರುತ್ತಾನೆ. ಸಾಲದ್ದಕ್ಕೆ ಒಳ್ಳೆಯವನೂ ಆಗಿರಬೇಕೆ? ದೇವರಿಗೆ ಒಂದು ಮಿತಿ ಬೇಡವೇ?

ಊಟಕ್ಕೆ ಕೂತೆವು. ನನಗೆ ಅತ್ತೆ ಕೊಟ್ಟ ಪಂಚೆ. ಬಹಳ ದಿನದ ಮೇಲೆ ತುಪ್ಪದ ಮಿಳ್ಳೆ ಮೊದಲು ನನ್ನ ಎಲೆಗೇ ಬಂತು, ಅದೂ ಧಾರಾಳವಾಗಿ ಬಾಗಿತು. ನನ್ನ ಎದೆ ಉಬ್ಬುವಷ್ಟರಲ್ಲಿ ಅತ್ತೆ ಮೃದುವಾಗಿ, ಮಗುವಿಗೆ ಹೇಳುವಂತೆ ಹೇಳಿದರು. "ಹಾಕ್ಕಳಿ ಅಳಿಯಂದ್ರೇ. ತುಪ್ಪ ತಲೆಗೆ ಒಳ್ಳೇದಂತೆ."

ಗಿರಿಜಾ ಅವತ್ತು ನನ್ನೊಡನೆ ಮಾತಾಡಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕೂತು ಫೋನಿನಲ್ಲಿ ಏನೋ ಒತ್ತುತ್ತಿದ್ದಳು. ತಂಗಿಯ ಗಂಡನ ಹೆಸರು ಕೆಡಿಸಿದವನ ಜೊತೆ ಏನು ಮಾತು?

ಭಾನುವಾರ ಬೆಳಗ್ಗೆ ಹಾಸಿಗೆಯಲ್ಲೇ ಫೋನು ತೆರೆದೆ. ಗಿರಿಜಳ ಸ್ಟೇಟಸ್ ಸುತ್ತ ಹಸಿರು ಬಳೆ ಕಾಣಿಸಿತು. ಒತ್ತಿದೆ. ನಾನು! ಮಿಕ್ಸಿ ಇಲ್ಲ, ಬರೀ ಕೈ ಅಲ್ಲ, ಕಿವಿಯಿಂದ ಕಿವಿಗೆ ಪೂರ್ತಿ ಮುಖ. ಮೈಮೇಲೆ ಬಿಳಿ ನಿಲುವಂಗಿ, ಕೈಯಲ್ಲಿ ಕೋಲು, ಮುಚ್ಚಿದ ಕಣ್ಣು. ಈರೇಶನ ಪ್ಯಾಂಟು ಇದ್ದ ಜಾಗದಲ್ಲೇ ನಾನಿದ್ದೆ. ಶಪಥ ಈಡೇರಿತ್ತು. ಯಾರ್ಯಾರು ನೋಡಿದರೆಂದು ಗಿರಿಜಳ ಫೋನು ತೆಗೆದು ನೋಡಿದೆ. ನಮ್ಮ ಹೆಡ್‌ಮಾಸ್ಟರೂ ಆಗಲೇ ನೋಡಿದ್ದರು, ಭೀಮಕ್ಕನೂ ನೋಡಿದ್ದರು, ಮುನಾಫ್ ಅದಕ್ಕೆ ಹೃದಯದ ಗುರುತು ಕಳಿಸಿ "ಸುಖವಾಗಿ ಹೋಗಿ ಬನ್ನಿ" ಎಂದಿದ್ದ.

ಫೋಟೋದ ಕೆಳಗೆ ಗಿರಿಜಾ ಬರೆದಿದ್ದ ಸಾಲು ಓದಲು ಕನ್ನಡಕ ಹುಡುಕಿ ಹಾಕಿಕೊಂಡೆ.

"ನನ್ನ ತಂಗಿಗೆ ಫೋನ್ ಮಾಡಿ ಕೇಳುತ್ತಿರುವವರ ಗಮನಕ್ಕೆ: ನಮ್ಮ ಈರೇಶ್ ಆರೋಗ್ಯವಾಗಿದ್ದಾರೆ. ನೀವು ಕೇಳಿದ್ದು ಇವರ ವಿಷಯ. ಇವರು ನನ್ನ ಯಜಮಾನರು."